ಗುನಾ ಯಾಲಾ: ಅತಿಥಿಯೋ, ಗಿರಾಕಿಯೋ?

ಅಲೆಮಾರಿ: ಪನಾಮಾದ ಕೆರಿಬಿಯನ್ ತೀರದಲ್ಲಿರುವ, ಗುನಾ ಎಂಬ ಮೂಲನಿವಾಸಿಗಳ ನೆಲವಾದ ಗುನಾ ಯಾಲಾ ದ್ವೀಪಗಳಿಗೆ ಹೋಗುವ ಆಸೆಯಿದೆ. ಆದರೆ ಪನಾಮಾದೊಳಗೆ ಬಂದ ಮೇಲೂ ಗುನಾ ಗಡಿಯಲ್ಲಿ ಮತ್ತೆ ಪಾಸ್‌ಪೋರ್ಟ್ ತೋರಿಸಿ ಶುಲ್ಕ ಕಟ್ಟಬೇಕು. ಫೋಟೊ ತೆಗೆದರೆ ಡಾಲರ್ ಕೇಳುತ್ತಾರೆ. ಸ್ಕೂಬಾ ಡೈವಿಂಗ್ ಅಂತೂ ನಿಷಿದ್ಧ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲು ಅಷ್ಟು ದೂರ ಹೋಗಬೇಕೆ?

ವಸುಧಾ: ಲಕ್ಷದ್ವೀಪಕ್ಕೆ ಹೋಗಲು ನಮಗೂ ಅನುಮತಿ ಪತ್ರ ಬೇಕಲ್ಲವೇ? ಪನಾಮಾದ ಪೊಲೀಸರು ಗುನಾ ಹೆಂಗಸರ ಮೂಗುತಿ, ಮೋಲಾ ಎಂಬ ಬಣ್ಣಬಣ್ಣದ ಬಟ್ಟೆಕಲೆಯ ರವಿಕೆ ತೆಗೆಸಲು ಹೊರಟಾಗ, 1925ರಲ್ಲಿ ಆ ಜನ ಬಂಡೆದ್ದರು. 1938ರಲ್ಲಿ ಅವರ ನೆಲಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಹೊರಗಿನವರು ಅಲ್ಲಿ ಜಾಗ ಕೊಳ್ಳುವಂತಿಲ್ಲ. ನೀವು ಕಟ್ಟುವ ಹಣ ದೊಡ್ಡ ಹೋಟೆಲ್ ಮಾಲೀಕನ ಪಾಲಾಗುವುದಿಲ್ಲ, ಅಷ್ಟು ಸಾಲದೇ?

ನೇರನುಡಿ: ಬಂಡಾಯದ ಬಗ್ಗೆ ಗೌರವವಿದೆ. ಆದರೆ ಹವಳ ಕೆಡುತ್ತದೆಂದು ಡೈವಿಂಗ್ ನಿಷೇಧವನ್ನು ಹೊಗಳುವವರು ಇನ್ನೊಂದು ಸಂಗತಿ ಮರೆಯುತ್ತಾರೆ. ಜನ ಹೆಚ್ಚಿದಂತೆ ಹವಳವನ್ನೇ ಕಿತ್ತು ತಂದು ದ್ವೀಪಗಳ ಅಂಚು ತುಂಬಿಸಿದವರೂ ಆ ಗುನಾ ಜನರೇ. ಮೂಲನಿವಾಸಿಗಳೆಂದರೆ ಋಷಿಮುನಿಗಳು ಎಂದು ಭಾವಿಸಬೇಡಿ.

ನೀಲಾಂಬರ: ನಿಜ, ಋಷಿಗಳಲ್ಲ, ಇಕ್ಕಟ್ಟಿನಲ್ಲಿ ಬದುಕುವ ಮನುಷ್ಯರು. ಗಾರ್ದಿ ಸುಗ್ದುಬ್ ಎಂಬ ದ್ವೀಪದಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಕಡಲೂ ಏರುತ್ತಿತ್ತು. 2024ರ ಜೂನ್‌ನಲ್ಲಿ ಸುಮಾರು 300 ಕುಟುಂಬಗಳು ದಡದ ಹೊಸ ಊರು ಇಸ್ಬೆರ್ಯಾಲಾಕ್ಕೆ ಹೋದವು.

ನಾನು ಗುನಾ ಯಾಲಾಕ್ಕೆ ಹೋದವನು. ಒಬ್ಬ ಅಜ್ಜಿ ಮೋಲಾ ಹೊಲಿಯುತ್ತಿದ್ದರು. ಬೇರೆ ಬೇರೆ ಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಕತ್ತರಿಸಿ, ಅಂಚನ್ನು ಕೂದಲೆಳೆಯಷ್ಟು ಒಳಕ್ಕೆ ಮಡಚಿ ಹೊಲಿದರೆ ಕೆಳಗಿನ ಕೆಂಪು ಗೆರೆಯಾಗಿ ಮೂಡುತ್ತದೆ. ಬೆರಳು ಸ್ವಲ್ಪ ತಪ್ಪಿದರೂ ಹಕ್ಕಿಯ ಕೊಕ್ಕು ಕೆಟ್ಟಂತೆ. ಅದರ ಫೋಟೊಗೆ ಒಂದು ಡಾಲರ್ ಕೇಳಿದರು, ಕೊಟ್ಟೆ. ಸಂಜೆ ಸಭಾಮನೆಯಲ್ಲಿ ಊರಿನ ಮುಖ್ಯಸ್ಥ, ಅಂದರೆ ಸಾಯಿಲಾ, ಹಗ್ಗದ ತೂಗುಮಂಚದಲ್ಲಿ ಮಲಗಿ ಹಾಡುತ್ತಿದ್ದರು. ಪಕ್ಕದಲ್ಲಿ ಅರ್ಗರ್, ಅಂದರೆ ಹಾಡಿನ ವ್ಯಾಖ್ಯಾನಕಾರ, ಅದರ ಅರ್ಥ ಬಿಡಿಸುತ್ತಿದ್ದ. ಅಲ್ಲಿ ಕ್ಯಾಮೆರಾ ತೆಗೆಯುವ ಧೈರ್ಯ ನನಗಾಗಲಿಲ್ಲ, ಯಾರೂ ಬೇಡವೆನ್ನದಿದ್ದರೂ.

ನೇರನುಡಿ: ಅಜ್ಜಿಗೆ ಡಾಲರ್ ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಣ ಕೊಟ್ಟವನು ಗಿರಾಕಿ. ಅತಿಥಿ ಎಂದು ಬೀಗಬಾರದು.

ವಸುಧಾ: ಗಿರಾಕಿಯೇ ಆಗಲಿ, ಅಂಗಡಿ ಅವರದೇ ಆಗಿದ್ದರೆ ಸರಿ.

ಅಲೆಮಾರಿ: ಶುಲ್ಕ ಕಟ್ಟುತ್ತೇನೆ. ಡೈವಿಂಗ್ ಬಿಡುವುದು ಮಾತ್ರ ಕಷ್ಟ.

ನೀಲಾಂಬರ: ಡೈವಿಂಗ್‌ಗೆ ಪನಾಮಾದ್ದೇ ಕರಾವಳಿ ಊರಾದ ಪೋರ್ಟೊಬೆಲೊಗೆ ಹೋಗಿ, ಅದು ಗುನಾ ಗಡಿಯಿಂದ ಹೊರಗೆ. ಗುನಾ ಯಾಲಾಕ್ಕೆ ಒಂದು, ಐದು ಡಾಲರ್‌ಗಳ ನೋಟುಗಳನ್ನೇ ಒಯ್ಯಿರಿ. ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ.