24 ಇದ್ದ ಕಡೆ 16 ಕ್ಷಿಪಣಿ: ಹೊಸ ಜಲಾಂತರ್ಗಾಮಿಯಲ್ಲಿ ಯಾಕೆ ಕಮ್ಮಿ?

ಹಾಸನ_ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ಸೆಮಿನಾರ್ ಇದೆ, ಅಣುಶಕ್ತಿ ಸಬ್‌ಮರೀನ್ ವಿಷಯ ತಗೊಂಡಿದ್ದೇನೆ. ನಮ್ಮ ಅರಿಹಂತ್‌ನಿಂದ ಶುರು ಮಾಡಿ (ನಮ್ಮೂರು ಶ್ರವಣಬೆಳಗೊಳದ ಹತ್ತಿರ, ಸಣ್ಣವನಿದ್ದಾಗ ಆ ಹೆಸರು ಕೇಳಿಯೇ ಆಸಕ್ತಿ ಹುಟ್ಟಿದ್ದು) ಅಮೆರಿಕ ಈಗ ಕಟ್ಟುತ್ತಿರುವ ಕೊಲಂಬಿಯಾ ಮಾದರಿಯವರೆಗೆ ಓದಿಕೊಂಡು ಬಂದೆ. ಅಲ್ಲಿ ತಲೆ ಕೆಟ್ಟಿತು.

ಹಳೆಯ ಒಹಾಯೊ ಮಾದರಿಗೆ 24 ಕ್ಷಿಪಣಿ ಕೊಳವೆ ಇಟ್ಟಿದ್ದರು, ರಷ್ಯಾ ಜೊತೆಗಿನ ಒಪ್ಪಂದದಿಂದ ಅದು 20ಕ್ಕೆ ಇಳಿಯಿತು. ಹೊಸದಕ್ಕೆ ಬರೀ 16. ಉದ್ದ ಎರಡಕ್ಕೂ ಸುಮಾರು 171 ಮೀಟರ್. ತೂಕ ಮಾತ್ರ ಹೊಸದರದ್ದೇ ಜಾಸ್ತಿ: ಮುಳುಗಿದಾಗ 20,810 ಟನ್, ಹಳೆಯದು 18,750. ಒಟ್ಟು ಸಂಖ್ಯೆಯೂ 14 ಇದ್ದದ್ದು 12 ಆಗುತ್ತದೆ. ದೊಡ್ಡದು ಮಾಡಿ ಕಮ್ಮಿ ಹೊರಿಸುವುದು ಯಾಕೆ? ಗೊತ್ತಿರುವವರು ದಯವಿಟ್ಟು ಹೇಳಿ.

ಮೂಡಿಗೆರೆ_ತೋಟ

ತಮ್ಮ, ಒಳ್ಳೆ ಪ್ರಶ್ನೆ. ನಾನು ನೌಕಾಪಡೆಯಲ್ಲಿ 15 ವರ್ಷ ಇದ್ದೆ, ಅದರಲ್ಲಿ ಜಾಸ್ತಿ ಡೀಸೆಲ್ ಸಬ್‌ಮರೀನ್ ಎಂಜಿನ್ ರೂಮಿನಲ್ಲಿ. ಈಗ ಮೂಡಿಗೆರೆ ಹತ್ತಿರ ಕಾಫಿ ತೋಟ. ಅಣುಶಕ್ತಿಯದ್ದರಲ್ಲಿ ಕೆಲಸ ಮಾಡಿಲ್ಲ, ಆದರೆ ಸಮುದ್ರದ ಅಡಿಯಲ್ಲಿ ಎಲ್ಲರಿಗೂ ಕಾಯಿದೆ ಒಂದೇ: ಶಬ್ದ ಮಾಡಿದವನು ಸಿಕ್ಕಿಬೀಳುತ್ತಾನೆ. ಮೌನದ ಹೊತ್ತಿನಲ್ಲಿ ಒಂದು ಸ್ಟೀಲ್ ಲೋಟ ಕೆಳಗೆ ಬಿದ್ದರೂ ಇಡೀ ಕಂಪಾರ್ಟ್‌ಮೆಂಟ್ ಉಸಿರು ಬಿಗಿ ಹಿಡಿಯುತ್ತಿತ್ತು.

ಮೊದಲು ಇಂಧನದ ಮಾತು. ಒಹಾಯೊಗೆ ಅರ್ಧ ಆಯಸ್ಸಿನಲ್ಲಿ ಒಮ್ಮೆ ರಿಯಾಕ್ಟರ್ ಬಿಚ್ಚಿ ಹೊಸ ಇಂಧನ ತುಂಬಬೇಕು. ಆ ರಿಪೇರಿಗೆ ಹಡಗುಕಟ್ಟೆಗೆ ಹೋದರೆ ಎರಡು ವರ್ಷಕ್ಕೂ ಜಾಸ್ತಿ ಅಲ್ಲೇ. ಕೊಲಂಬಿಯಾಗೆ ತುಂಬುವ ಇಂಧನ ಪೂರ್ತಿ ಆಯಸ್ಸಿಗೆ ಸಾಕು, 42 ವರ್ಷ. ಹಾಗಾಗಿ 12 ಇದ್ದರೂ ಸಮುದ್ರದಲ್ಲಿ ಸಿಗುವ ಸಂಖ್ಯೆ ಕಮ್ಮಿಯಾಗುವುದಿಲ್ಲ. ನೀನು ಒಂದೊಂದರ ಕೊಳವೆ ಎಣಿಸಿದ್ದೀಯ, ಅವರು ಯಾವ ದಿನ ನೋಡಿದರೂ ಎಷ್ಟು ಸಬ್‌ಮರೀನ್ ನೀರಿನಡಿ ಅಡಗಿ ಕೂತಿರುತ್ತವೆ ಅಂತ ಎಣಿಸುತ್ತಾರೆ.

ತೂಕ ಯಾಕೆ ಜಾಸ್ತಿ ಅಂದೆ ಅಲ್ವಾ? ಹಳೆಯದರಲ್ಲಿ ರಿಯಾಕ್ಟರ್ ಶಾಖದಿಂದ ಹಬೆ, ಹಬೆಯಿಂದ ಟರ್ಬೈನ್, ಟರ್ಬೈನ್‌ನಿಂದ ದೊಡ್ಡ ಗೇರ್‌ಬಾಕ್ಸ್, ಅಲ್ಲಿಂದ ಶಾಫ್ಟ್. ಟರ್ಬೈನ್ ಜೋರಾಗಿ ತಿರುಗುತ್ತದೆ, ಶಾಫ್ಟ್ ನಿಧಾನ ತಿರುಗಬೇಕು, ಅದಕ್ಕೇ ಗೇರ್. ಹಲ್ಲಿಗೆ ಹಲ್ಲು ಕೂಡುವ ಕಡೆ ಎಷ್ಟೇ ನಯ ಮಾಡಿದರೂ ಶಬ್ದ ಇದ್ದೇ ಇರುತ್ತದೆ. ಹೊಸದರಲ್ಲಿ ಟರ್ಬೈನ್ ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರ್, ಮೋಟಾರಿನಿಂದ ಶಾಫ್ಟ್. ಗೇರ್‌ಬಾಕ್ಸೇ ಬೇಡ. ಆದರೆ ಅಷ್ಟು ದೊಡ್ಡ ಜನರೇಟರ್, ಮೋಟಾರ್ ಕೂರಿಸಲು ಜಾಗ ಬೇಕು, ತೂಕ ಏರುತ್ತದೆ. ನೀನು ಕೇಳಿದ ಆ ಟನ್‌ಗಳಲ್ಲಿ ಒಂದಷ್ಟು ಮೌನಕ್ಕೇ ಹೋಗಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಮುಳುಗುವ ಮೊದಲು ನಾವು ಒಳಗೆ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಬಿಗಿಯಾಗಿ ಕಟ್ಟುತ್ತಿದ್ದೆವು. ಆಳಕ್ಕೆ ಹೋದಂತೆ ಆ ದಾರ ನಿಧಾನಕ್ಕೆ ಜೋಲು ಬೀಳುತ್ತಿತ್ತು. ಪ್ರತಿ 10 ಮೀಟರಿಗೆ ಒಂದೊಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆ.ಜಿ. ಒತ್ತಡ ಸೇರುತ್ತದೆ, ಉಕ್ಕಿನ ಗೋಡೆಯೇ ಒಳಕ್ಕೆ ಬರುತ್ತದೆ. ಮೊದಲ ಸಲ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಗೋಡೆಯಲ್ಲಿ 16 ದೊಡ್ಡ ತೂತು ಕೊರೆದು ಕೊಳವೆ ಇಳಿಸುವುದು ಸುಮ್ನೆ ಮಾತಲ್ಲ.

ವೆಲ್ಡ್_ತಪಾಸಣೆ

ಮೇಲಿನ ಸರ್ ಕೊಳವೆ ಅಂದರು, ಅಲ್ಲಿಂದ ನಾನು ಮುಂದುವರಿಸುತ್ತೇನೆ. ನಾನು ಬಾಯ್ಲರ್ ಡ್ರಮ್‌ಗಳ ವೆಲ್ಡಿಂಗ್ ಪರೀಕ್ಷೆ ಮಾಡುವವಳು. ಈ ಸಬ್‌ಮರೀನ್‌ಗಳು ಹೊರುವ ಟ್ರೈಡೆಂಟ್ ಕ್ಷಿಪಣಿ 13 ಮೀಟರಿಗೂ ಉದ್ದ, 2.1 ಮೀಟರ್ ಅಗಲ, ತೂಕ ಸುಮಾರು 59 ಟನ್. ಹತ್ತಿರ ಹತ್ತಿರ ನಾಲ್ಕು ಅಂತಸ್ತಿನ ಕಟ್ಟಡದ ಎತ್ತರ. ಅದು ಕೂರುವ ಕೊಳವೆ ಇನ್ನೂ ದೊಡ್ಡದು. 2018ರಲ್ಲಿ ಆ ಹೊಸ ಕೊಳವೆಗಳ ವೆಲ್ಡಿಂಗ್‌ನಲ್ಲೇ ದೋಷ ಸಿಕ್ಕಿತು. ತಯಾರಿಸಿದ ಕಡೆ ಮಾಡಿದ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಂಡಿತ್ತು. ಬ್ರಿಟನ್ನಿನ ಹೊಸ ಡ್ರೆಡ್‌ನಾಟ್ ಮಾದರಿಗೂ ಇದೇ ವಿನ್ಯಾಸದ ಕೊಳವೆ (ಅವರದಕ್ಕೆ 12), ಹಾಗಾಗಿ ಪೆಟ್ಟು ಇಬ್ಬರಿಗೂ.

ನನಗೆ ಇದು ಓದಿ ಹೊಟ್ಟೆ ಕಿವುಚಿದಂತಾಯಿತು. ವೆಲ್ಡ್ ಪಕ್ಕ ಜೆಲ್ ಹಚ್ಚಿ, ಕಿವಿಗೆ ಕೇಳದ ಶಬ್ದದ ಅಲೆ ಕಳಿಸುವ ಪ್ರೋಬ್ ಇಟ್ಟು ಕೂದಲೆಳೆಯಷ್ಟು ಸರಿಸುತ್ತಾ ಹೋಗುತ್ತೇವೆ, ಪರದೆಯಲ್ಲಿ ಗೆರೆ ಎದ್ದರೆ ಒಳಗೆ ಏನೋ ಇದೆ ಅಂತ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಗೆರೆ ಎದ್ದಾಗ "ಮೇಡಂ, ನಾಳೆ ಲೋಡ್ ಹೋಗಬೇಕು, ಬಿಡಿ" ಅಂದರು. ನಾನು ಬಿಡಲಿಲ್ಲ. ಕೊರೆದು ತೆಗೆದರೆ ಉಗುರಿನಷ್ಟು ತೆಳು ಸಂದು, ಒಂದು ಗೇಣು ಉದ್ದ. ಮೇಲಿನಿಂದ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕೊಲಂಬಿಯಾ ಮೊದಲನೆಯದು 2027ರ ಅಕ್ಟೋಬರ್‌ಗೆ ಸಿಗಬೇಕಿತ್ತು, 12ರಿಂದ 16 ತಿಂಗಳು ತಡ ಅಂತ 2024ರಲ್ಲಿ ಅಮೆರಿಕದ ನೌಕಾಪಡೆಯೇ ಹೇಳಿತು. ತಡಕ್ಕೆ ಕಾರಣ ಬೇರೆ ಬೇರೆ ಇವೆ. ನಮ್ಮ ಅರಿಹಂತ್ 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು, ರಿಯಾಕ್ಟರ್ ಚಾಲೂ ಆಗಿದ್ದು 2013ರಲ್ಲಿ, ಪಡೆಗೆ ಸೇರಿದ್ದು 2016ರಲ್ಲಿ. ಆಗ ಜನ ತಡ ತಡ ಅಂತ ಬೈದರು. ನನಗೆ ಆ ಏಳು ವರ್ಷ ಜಾಸ್ತಿ ಅನಿಸಲೇ ಇಲ್ಲ.

ಸಾಲಗಾಮೆ_ರಸ್ತೆ

ತಮ್ಮಾ, ಸೆಮಿನಾರ್‌ನಲ್ಲಿ ಸಂಪರ್ಕದ ವಿಷಯವನ್ನೂ ಸೇರಿಸಿ. ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನೋಡಿಕೊಳ್ಳುವ ಜಿಸ್ಯಾಟ್-7 ನೌಕಾಪಡೆಯ ಉಪಗ್ರಹ, 2013ರ ಆಗಸ್ಟ್‌ನಲ್ಲಿ ಹಾರಿದ್ದು. ಆದರೆ ಅದರ ಸಿಗ್ನಲ್ ಉಪ್ಪುನೀರಿನೊಳಗೆ ಹೋಗುವುದಿಲ್ಲ. ಮುಳುಗಿದವರಿಗೆ ಸಂದೇಶ ಮುಟ್ಟಿಸಲು ಬಹಳ ಕಡಿಮೆ ಆವರ್ತನದ ರೇಡಿಯೋ ಬೇಕು, ನಮ್ಮಲ್ಲಿ ಅದು ತಿರುನೆಲ್ವೇಲಿ ಜಿಲ್ಲೆಯಲ್ಲಿ ನೆಲದ ಮೇಲಿರುವ ನೌಕಾಪಡೆಯ ಕೇಂದ್ರ ಐಎನ್‌ಎಸ್ ಕಟ್ಟಬೊಮ್ಮನ್‌ನಲ್ಲಿದೆ. ಅದೂ ಕೆಲವೇ ಮೀಟರ್ ಆಳಕ್ಕೆ ಇಳಿಯುತ್ತದೆ, ಆದ್ದರಿಂದ ಸಬ್‌ಮರೀನ್ ಒಂದು ಉದ್ದ ತಂತಿ ಆಂಟೆನಾವನ್ನು ಮೇಲಕ್ಕೆ ತೇಲಿಬಿಟ್ಟು ಕೇಳಿಸಿಕೊಳ್ಳುತ್ತದೆ. ತಿರುಗಿ ಉತ್ತರ ಕೊಡುವಂತಿಲ್ಲ, ಕೊಟ್ಟರೆ ಜಾಗ ಗೊತ್ತಾಗುತ್ತದೆ.

ಹಾಸನ_ಮೆಕ್ಯಾನಿಕಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾರದ ವಿಷಯ ಖಂಡಿತ ಹೇಳುತ್ತೇನೆ. ಸರ್, ಒಂದು ಅನುಮಾನ. ಸೆಮಿನಾರ್‌ಗೆ ಸಣ್ಣದೊಂದು ಪ್ರಯೋಗ ಮಾಡೋಣ ಅಂತ ನಮ್ಮ ಮನೆ ಪಂಪಿನ ಕೆಳಗೆ ಹಳೆ ಟೈರ್ ತುಂಡು ಇಟ್ಟೆ. ಗುಂಯ್ ಅನ್ನುವ ಸದ್ದು ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ರೂಮಿನ ಗೋಡೆ ಮುಟ್ಟಿದರೆ ಈಗಲೂ ನಡುಗುತ್ತದೆ.

ಮೂಡಿಗೆರೆ_ತೋಟ

ಪಂಪಿನಿಂದ ಗೋಡೆಗೆ ಹೋಗುವ ಪೈಪ್ ಕಬ್ಬಿಣದ್ದಾ? ಹಾಗಿದ್ದರೆ ನಡುಕ ಅದರಲ್ಲೇ ನಡೆದು ಹೋಗುತ್ತಿದೆ. ನಾವು ಎಂಜಿನ್ ಕೆಳಗೆ ರಬ್ಬರ್ ಇಡುತ್ತಿದ್ದೆವು, ಅದಕ್ಕೆ ಸೇರುವ ಪ್ರತಿ ಪೈಪಿನ ನಡುವೆಯೂ ರಬ್ಬರ್ ಹೋಸ್ ಹಾಕುತ್ತಿದ್ದೆವು. ಒಂದಡಿ ಪೈಪ್ ಕತ್ತರಿಸಿ ಗಟ್ಟಿ ಹೋಸ್ ಹಾಕಿ ಎರಡೂ ಕಡೆ ಕ್ಲಿಪ್ ಬಿಗಿ ಮಾಡು. ಗೋಡೆಗೆ ಪೈಪ್ ಹಿಡಿದಿರುವ ಕ್ಲ್ಯಾಂಪ್ ಒಳಗೂ ಟ್ಯೂಬಿನ ತುಂಡು ಸುತ್ತು. ಆಮೇಲೆ ಗೋಡೆಗೆ ಕೈ ಇಟ್ಟು ನೋಡಿ ಇಲ್ಲೇ ಬರೆ.