ಸಹಾಯ ಬೇಕು: ದುರಸ್ತಿ ಮಾಡಿಸಿದ ಗ್ಯಾಸ್ ಗ್ರಿಲ್ ಇಟ್ಟುಕೊಳ್ಳುವುದೋ, ಮಾರುವುದೋ?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಸಮೀಪದ ಕಾಫಿ ತೋಟದಲ್ಲಿ ವಾಸಿಸುವವರು. ವಿದೇಶದಿಂದ ಮರಳಿದಾಗ ನಮ್ಮ ಭಾವನವರು ತಂದಿದ್ದ ಮೂರು ಬರ್ನರಿನ ಗ್ಯಾಸ್ ಗ್ರಿಲ್, ಕಣದ ಪಕ್ಕದ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿತ್ತು. ಬೀಡುಕಬ್ಬಿಣದ ಜಾಲರಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಸವರಿ ಕಾಯಿಸಿ ಪಳಗಿಸಿ, ತೂತು ಬಿದ್ದಿದ್ದ ಬರ್ನರ್ ಕೊಳವೆಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೊಸದಾಗಿ ಮಾಡಿಸಿ, ನಮ್ಮ ಎಲ್‌ಪಿಜಿಗೆ ಹೊಂದುವ ರೆಗ್ಯುಲೇಟರ್ ಮತ್ತು ಐಎಸ್‌ಐ ಗುರುತಿನ ಪೈಪ್ ಹಾಕಿಸಿದ್ದೇನೆ. ಸೋಪಿನ ನೀರು ಹಚ್ಚಿ ನೋಡಿದಾಗ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಜ್ವಾಲೆಯೂ ನೀಲಿಯಾಗಿ, ಒಂದೇ ಸಮನೆ ಉರಿಯುತ್ತಿದೆ. ಇಷ್ಟು ಚೆನ್ನಾಗಿ ಮೂಡಿಬಂದದ್ದನ್ನು ಕೈಬಿಡಲು ಮನಸ್ಸಿಲ್ಲ.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದನ್ನು ಹೊರಗೆ ಬಳಸಲಾಗದು, ಮನೆಯೊಳಗೆ ಹಚ್ಚುವುದು ಇಂಗಾಲದ ಮಾನಾಕ್ಸೈಡ್‌ನಿಂದಾಗಿ ಅಪಾಯಕರ. ಬಳಸದೆ ಇಟ್ಟರೆ ಜಾಲರಿಗೆ ಮತ್ತೆ ತುಕ್ಕು ಹಿಡಿಯುವುದಲ್ಲದೆ, ಬರ್ನರ್ ಕೊಳವೆಯಲ್ಲಿ ಜೇಡ ಗೂಡು ಕಟ್ಟಿದರೆ ಗ್ಯಾಸ್ ಹಿಮ್ಮುಖವಾಗಿ ಹೊತ್ತಿಕೊಳ್ಳುವ ಭಯವೂ ಇದೆ.

ಹತ್ತಿರದ ಹೋಂಸ್ಟೇಯವರು ಕೊಳ್ಳಲು ಕೇಳುತ್ತಿದ್ದಾರೆ. ಅಲ್ಲಿ ಮನೆಬಳಕೆಯ 14.2 ಕೆಜಿ ಸಿಲಿಂಡರ್ ಬಳಸುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು. ಅತಿಥಿಗಳ ನಡುವೆ ಉರಿಯುವ ಒಲೆಯಾದ್ದರಿಂದ, ಮಾರುವುದಾದರೆ ಯಾರಿಂದ ತಪಾಸಣೆ ಮಾಡಿಸಿ ಕೊಡುವುದು ಸರಿ?

ಮಲೆನಾಡಿನಲ್ಲಿ ಇಂಥ ಗ್ರಿಲ್ ಇಟ್ಟುಕೊಂಡವರು ಮಳೆಗಾಲದಲ್ಲಿ ಹೇಗೆ ಕಾಪಾಡುತ್ತೀರಿ, ಬಿಡಿಭಾಗಗಳು ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಸಿಗುತ್ತವೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಬಿಡಿಭಾಗ ಸಿಗುವುದಾದರೆ ಇಟ್ಟುಕೊಳ್ಳುವುದೇ ನನ್ನ ಒಲವು.