8 ಕಿ.ಮೀ. ದೂರಕ್ಕೆ ವೈರ್‌ಲೆಸ್ಸಲ್ಲಿ ಇಂಟರ್ನೆಟ್ ಎಳೆಯಬಹುದಾ?

ಪ್ರಶ್ನೆ: ನಮಸ್ತೆ ಸರ್. ತೀರ್ಥಹಳ್ಳಿ ಕಡೆ ನಮ್ಮದು ಒಂಟಿಮನೆ. ಫೈಬರ್ ಪೇಟೆವರೆಗೆ ಮಾತ್ರ ಬಂದಿದೆ. ಪೇಟೆಯಲ್ಲಿ ಭಾವನ ಮನೆ ತಾರಸಿಯಿಂದ ನಮ್ಮ ಗುಡ್ಡಕ್ಕೆ 8 ಕಿ.ಮೀ., ಬರಿಗಣ್ಣಿಗೇ ಕಾಣುತ್ತೆ. ಇಂಟರ್ನೆಟ್ ಕಳಿಸೋ ವೈರ್‌ಲೆಸ್ ಡಿಶ್‌ನ ಡಬ್ಬದ ಮೇಲೆ ‘20 ಕಿ.ಮೀ., 450 ಎಂಬಿಪಿಎಸ್’ ಅಂತಿದೆ. ಮಗಳು ಮನೆಯಿಂದ ಕೆಲಸ ಮಾಡ್ತಾಳೆ. ನಂಬಬಹುದಾ?

ಉತ್ತರ: ಲಿಂಕ್ ಹಾಕಬಹುದು. ಆದರೆ ಆ ಎರಡು ಅಂಕಿ ಒಟ್ಟಿಗೆ ಸಿಗಲ್ಲ. ದೂರ ಹೆಚ್ಚಿದಷ್ಟೂ ಸಿಗ್ನಲ್ ಸೊರಗಿ ವೇಗ ಇಳಿಯುತ್ತೆ. ಹಿಂದೆ ವೈಮ್ಯಾಕ್ಸ್ ಅನ್ನೋ ಟವರ್‌ನಿಂದ ಬರೋ ವೈರ್‌ಲೆಸ್ ಇಂಟರ್ನೆಟ್ ಬಂದಾಗಲೂ ‘50 ಕಿ.ಮೀ., 70 ಎಂಬಿಪಿಎಸ್’ ಅಂತಲೇ ಹೇಳಿದ್ದರು. ವೇಗ ಬೇಕಾದವರು ಟವರ್ ಹತ್ತಿರವೇ ಇರಬೇಕಿತ್ತು, ಆ ವೇಗವನ್ನೂ ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕಿತ್ತು.

ನಿಮ್ಮದು ಎದುರುಬದುರು ಎರಡೇ ಡಿಶ್, ಹಂಚಿಕೆಯ ತಾಪತ್ರಯ ಇಲ್ಲ. ನೋಡಬೇಕಾದ್ದು ನಡುವಿನ ದಾರಿ. ಗುಡ್ಡ ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ಅಲೆ ಹಗ್ಗ ಎಳೆದ ಹಾಗೆ ಹೋಗಲ್ಲ, ಮೃದಂಗದ ಹಾಗೆ ಮಧ್ಯೆ ಉಬ್ಬುತ್ತೆ. ಇಂಥ ಡಿಶ್ ಬಳಸೋ 5.8 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ 8 ಕಿ.ಮೀ.ಗೆ ಸರಿ ಮಧ್ಯದಲ್ಲಿ ಆ ಉಬ್ಬಿನ ತ್ರಿಜ್ಯ ಸುಮಾರು 10 ಮೀಟರ್. ನೋಟದ ಗೆರೆಯ ಕೆಳಗೆ ಕಡಿಮೆ ಅಂದರೂ 6 ಮೀಟರ್ ಖಾಲಿ ಬೇಕು.

ಮೂಡಿಗೆರೆ ಕಡೆ ಒಂದು ಕಾಫಿತೋಟಕ್ಕೆ ಫೆಬ್ರವರಿಯಲ್ಲಿ ಲಿಂಕ್ ಹಾಕಿಕೊಟ್ಟಿದ್ದೆ. ಎರಡು ವರ್ಷ ತೊಂದರೆ ಇರಲಿಲ್ಲ. ಮೂರನೇ ಮಳೆಗಾಲದಲ್ಲಿ ಮಳೆ ಹೊಯ್ದಾಗಲೆಲ್ಲ ಲಿಂಕ್ ಕಡಿದುಹೋಗತೊಡಗಿತು. ಈ ಫ್ರೀಕ್ವೆನ್ಸಿಗೆ ಮಳೆಹನಿ ಅಂಥ ಅಡ್ಡಿಯಲ್ಲ. ಕಂಬ ಹತ್ತಿ ಬೈನಾಕ್ಯುಲರ್‌ನಲ್ಲಿ ನೋಡಿದರೆ, ಸಿಲ್ವರ್ ಓಕ್ ಒಂದರ ತುದಿ ಬೆಳೆದು ದಾರಿಗೆ ಬಂದಿತ್ತು. ಎಲೆ ಒಣಗಿದ್ದಾಗ ಹೇಗೋ ದಾಟುತ್ತಿದ್ದ ಸಿಗ್ನಲ್ಲನ್ನು ನೆಂದ ಎಲೆ ನುಂಗುತ್ತಿತ್ತು. ಮರ ಬೆಳೆಯುತ್ತೆ ಅನ್ನೋದನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಪ್ರಶ್ನೆ: ನಡುವೆ ಅಡಿಕೆ ತೋಟ ಇದೆ ಸರ್. ಲೈಸೆನ್ಸ್ ಬೇಕಾ? ಸಿಡಿಲಿನ ಭಯವೂ ಇದೆ.

ಉತ್ತರ: 2018ರಿಂದ ನಮ್ಮಲ್ಲಿ ಈ 5.8 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಗೆ ಲೈಸೆನ್ಸ್ ಬೇಡ, ಪವರ್ ಮಿತಿಯೊಳಗಿರಬೇಕು ಅಷ್ಟೆ. ನೆರೆಯವರಿಗೆ ದುಡ್ಡಿಗೆ ಹಂಚೋದು ಮಾತ್ರ ಬೇರೆ ವಿಷಯ, ಅದಕ್ಕೆ ಬೇರೆ ನಿಯಮ ಇದೆ. ಭಾವನ ಕನೆಕ್ಷನ್‌ನ ಷರತ್ತನ್ನೂ ಓದಿ.

ಸಿಡಿಲಿಗೆ ಕಂಬಕ್ಕೆ ಒಳ್ಳೆ ಅರ್ಥಿಂಗ್, ಕೇಬಲ್‌ನ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ನುಗ್ಗೋ ವೋಲ್ಟೇಜ್ ತಡೆಯೋ ಸಾಧನ) ಹಾಕಿಸಿ. ಕರೆಂಟಿನ ಏರಿಳಿತವೂ ಅಷ್ಟೇ ಕೆಟ್ಟದ್ದು. ತಮಿಳುನಾಡಿನ ಥೇಣಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಯವರು ಬರ್ಕ್‌ಲಿ ವಿಶ್ವವಿದ್ಯಾಲಯದವರ ಜತೆ ಸೇರಿ ದೂರದ ವೈಫೈ ಹಾಕಿ, ಹಳ್ಳಿಯ ರೋಗಿಗಳನ್ನು ವಿಡಿಯೋದಲ್ಲೇ ನೋಡುತ್ತಿದ್ದರು. ಅಲ್ಲೂ ಕೆಟ್ಟ ಕರೆಂಟು ಉಪಕರಣಗಳನ್ನು ಬಹಳ ಕಾಡಿತ್ತು. ಎರಡೂ ಕಡೆ ಬ್ಯಾಟರಿ ಇಡಿ. ಮಗಳ ಕೆಲಸಕ್ಕೆ ಸಿಮ್ ಒಂದು ಬ್ಯಾಕಪ್ ಇರಲಿ.

ಡಿಶ್ ಈಗಲೇ ಕೊಳ್ಳಬೇಡಿ. ಆ ಅಡಿಕೆ ತೋಟದ ಹತ್ತಿರ ನಿಂತು ಎರಡೂ ದಿಕ್ಕಿನ ಫೋಟೋ ತೆಗೆದು ಇಲ್ಲೇ ಹಾಕಿ, ಕಂಬ ಎಷ್ಟೆತ್ತರ ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.